ಕೋಲಾರದ ಮರಳು ದಿಬ್ಬಗಳೂ ಹೊನ್ನು ಗಾಳಿಸುವ ವಿದ್ಯೆಯೂ

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಗುಡ್ಡಗಳಂತೆ ನಿಂತಿರುವ 13 ಮರಳು ದಿಬ್ಬಗಳನ್ನು ಪುನಃ ಸಂಸ್ಕರಿಸಿ, ಅವುಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯಬೇಕೆಂಬ ಕೇಂದ್ರ ಸರ್ಕಾರದ ಸೂಚನೆಗೆ ಕರ್ನಾಟಕದ ಸಚಿವ ಸಂಪುಟವು 2024ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಸಮ್ಮತಿಯನ್ನಿತ್ತಿತು. ಸುಮಾರು 1003 ಎಕರೆ ನೆಲವನ್ನು ಆವರಿಸಿಕೊಂಡಿರುವ ಈ ದಿಬ್ಬಗಳಲ್ಲಿ 3 ಕೋಟಿ 30 ಲಕ್ಷ ಟನ್ನಿನಷ್ಟು ಮರಳಿದೆಯೆಂದು ಅಂದಾಜು. ಈ ಸುದ್ದಿ ಹೊರಬಿದ್ದಂದಿನಿಂದ ಎರಡು ಬಗೆಯ ಮಾತುಗಳು ಕೇಳಿಬರುತ್ತಿವೆ. ಹಾಳುಬಿದ್ದ ಊರಿಗೆ ಹೊನ್ನಿನ ಕಾಲವು ಮರಳಿ ಬಂದಿತೆಂದು ಒಂದು ಪಕ್ಷದವರು ಹಿಗ್ಗುತ್ತಾರೆ. ವಿಷದ ದಿಬ್ಬವನ್ನು ಕೆದಕಿದರೆ ಊರಿಗೆ ಕೇಡೆಂದು ಇನ್ನೊಂದು ಪಕ್ಷದವರು ಹೆದರುತ್ತಾರೆ. ಈ ಎರಡು ಪಕ್ಷಗಳಿಗೂ ಆಧಾರವಿಲ್ಲದೆ ಇಲ್ಲ. ಆದರೆ ದಿಬ್ಬದೊಳಗಿನ ಚಿನ್ನವು ಎಷ್ಟು, ಅದು ಯಾವ ರೂಪದಲ್ಲಿದೆ, ಯಾವ ವಿಧಾನದಿಂದ ಕೈಗೆ ಬಂದೀತು ಎಂಬ ಮೂಲಪ್ರಶ್ನೆಯನ್ನು ಇಬ್ಬರೂ ಬದಿಗಿಟ್ಟು ಮಾತನಾಡುತ್ತಿದ್ದಾರೆಂಬುದೇ ನಮ್ಮ ಆಕ್ಷೇಪ.

ಮೊದಲು ಲೆಕ್ಕವನ್ನು ನೋಡೋಣ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದಲ್ಲಿ ಕೆಲಸ ಆರಂಭಿಸಿದ ಕಾಲದಿಂದ, 2001ರ ಫೆಬ್ರುವರಿ 28ರಂದು ಗಣಿಯ ಬಾಗಿಲು ಮುಚ್ಚಿದವರೆಗೆ, ಸುಮಾರು 120 ವರ್ಷಗಳಲ್ಲಿ ಆ ನೆಲವು ಕೊಟ್ಟ ಚಿನ್ನವು ಸುಮಾರು 800 ಟನ್ನು. ಇತ್ತೀಚಿನ ವರ್ಷಗಳಲ್ಲಿ ಭಾರತವು ಹೊರದೇಶಗಳಿಂದ ತರಿಸುವ ಚಿನ್ನವಾದರೋ ವರ್ಷವೊಂದಕ್ಕೆ 700ರಿಂದ 800 ಟನ್ನು. ಎಂದರೆ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದು, ನಾಲ್ಕು ತಲೆಮಾರಿನ ಕೂಲಿಕಾರರು ಬೆವರನ್ನೂ ಉಸಿರನ್ನೂ ಸುರಿದು ತೆಗೆದ ಹೊನ್ನು, ಇಂದಿನ ಭಾರತದ ಸುಮಾರು ಒಂದು ವರ್ಷದ ಆಮದಿಗೆ ಸಮ. ಈಗ ದಿಬ್ಬಗಳ ಮಾತು. ಅವುಗಳ ಮರಳಿನಲ್ಲಿ ಟನ್ನೊಂದಕ್ಕೆ ಒಂದು ಗ್ರಾಮಿಗಿಂತಲೂ ಕಡಿಮೆ ಚಿನ್ನವಿದೆ. ಟನ್ನಿಗೆ ಅರ್ಧ ಗ್ರಾಮೆಂದು ಹಿಡಿದರೆ ಒಟ್ಟು 16 ಟನ್ನು ಚಿಲ್ಲರೆ, 0.7 ಗ್ರಾಮೆಂದು ಹಿಡಿದರೆ 23 ಟನ್ನು. ಅಷ್ಟನ್ನೂ ಒಂದು ಕಣವೂ ಉಳಿಯದಂತೆ ತೆಗೆದರೆಂದೇ ಇಟ್ಟುಕೊಂಡರೂ ಅದು ದೇಶದ ಎರಡು ವಾರಗಳ ಆಮದಿಗೆ ಸಾಲದು. ಆದ್ದರಿಂದ ಈ ಮರಳಿನಿಂದ ರಾಷ್ಟ್ರದ ಬೊಕ್ಕಸವು ತುಂಬಿತೆಂಬ ಮಾತನ್ನು ಯಾರೂ ಆಡದಿರುವುದು ಲೇಸು. ಇದು ರಾಷ್ಟ್ರದ ಬೊಕ್ಕಸದ ಪ್ರಶ್ನೆಯಲ್ಲ. ಒಂದು ಊರಿನ ನೆಲ, ನೀರು, ಗಾಳಿ ಮತ್ತು ಜೀವನೋಪಾಯದ ಪ್ರಶ್ನೆ.

ಹಾಗಾದರೆ ಈ ಅಲ್ಪಾಂಶದ ಮರಳಿನ ಮೇಲೆ ಈಗ ಏಕೆ ಎಲ್ಲರ ಕಣ್ಣು? ಬೆಲೆಯೇ ಕಾರಣ. ಗಣಿಯು ಮುಚ್ಚಿದ 2001ರಲ್ಲಿ ಚಿನ್ನದ ಬೆಲೆಯು ಔನ್ಸಿಗೆ 300 ಡಾಲರಿಗಿಂತ ಕೆಳಗಿದ್ದಿತು. 2025ರ ಅಕ್ಟೋಬರಿನಲ್ಲಿ ಅದು 4000 ಡಾಲರನ್ನು ದಾಟಿತು. ಬೆಲೆಯು ಏರಿದಾಗ ಕಸವೆಂದು ಬಿಸುಟದ್ದು ಅದಿರಾಗುತ್ತದೆ. ಬೆಲೆಯ ಬೆನ್ನಿಗೇ ಯಂತ್ರಗಳ ವ್ಯಾಪಾರಿಗಳೂ ಬರುತ್ತಾರೆ. ಸೈನೈಡು ಬೇಡ, ಪಾದರಸ ಬೇಡ, ಬರಿಯ ನೀರು ಮತ್ತು ಯಂತ್ರದ ತಿರುಗುವಿಕೆಯಿಂದಲೇ ಚಿನ್ನವನ್ನು ಬೇರ್ಪಡಿಸಿಕೊಡುತ್ತೇವೆಂಬ ಮಾತು ಕೇಳುವುದಕ್ಕೆ ಇಂಪಾಗಿದೆ. ಅದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ಅಧಿಕಾರಿಗಳೂ ನಾಗರಿಕರೂ ತಿಳಿದಿರುವುದು ಅವಶ್ಯ.

ಈ ವಿದ್ಯೆಯ ತತ್ತ್ವವನ್ನು ತಿಳಿಯುವುದಕ್ಕೆ ಪರದೇಶದ ಗ್ರಂಥಗಳೇನೂ ಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಅಕ್ಕಿಯನ್ನು ಗಾಳಿಸುವ ಹೆಂಗಸರು ಅದನ್ನು ಬಲ್ಲರು. ನೀರಿನಲ್ಲಿ ಅಕ್ಕಿಯನ್ನು ಮೆಲ್ಲನೆ ಅಲುಗಿಸಿ ಬಗ್ಗಿಸಿದಾಗ ಅಕ್ಕಿಯು ನೀರಿನೊಡನೆ ಮುಂದೆ ಸಾಗುತ್ತದೆ, ಭಾರವಾದ ಕಲ್ಲು ತಳದಲ್ಲಿ ಉಳಿಯುತ್ತದೆ. ಅಲ್ಲಿ ತಳದಲ್ಲಿ ಉಳಿದುದನ್ನು ಚೆಲ್ಲುತ್ತೇವೆ; ಚಿನ್ನದಲ್ಲಿ ತಳದಲ್ಲಿ ಉಳಿದುದನ್ನೇ ಇಟ್ಟುಕೊಳ್ಳುತ್ತೇವೆ. ವ್ಯತ್ಯಾಸವಿಷ್ಟೆ. ಚಿನ್ನವು ನೀರಿಗಿಂತ 19.3 ಪಟ್ಟು ಭಾರ. ಅದನ್ನು ಸುತ್ತಿಕೊಂಡಿರುವ ಬೆಣಚುಕಲ್ಲು 2.65 ಪಟ್ಟು ಮಾತ್ರ. ನೀರಿನಲ್ಲಿ ಮುಳುಗಿದಾಗ ಎರಡರ ಭಾರದಿಂದಲೂ ನೀರಿನ ಭಾರವನ್ನು ಕಳೆಯಬೇಕಾದುದರಿಂದ ಅಂತರವು ಇನ್ನೂ ಹೆಚ್ಚುತ್ತದೆ; ಸಮಗಾತ್ರದ ಚಿನ್ನದ ಕಣವು ಬೆಣಚಿನ ಕಣಕ್ಕಿಂತ 11 ಪಟ್ಟು ಭಾರವಾಗಿ ತೋರುತ್ತದೆ. ಪ್ರಕೃತಿಯು ಇಷ್ಟು ದೊಡ್ಡ ಅಂತರವನ್ನು ಒದಗಿಸಿಕೊಟ್ಟಿರುವ ಖನಿಜಗಳು ಬಹಳವಿಲ್ಲ.

ಕನ್ನಡ ನಾಡಿನಲ್ಲಿ ಈ ವಿದ್ಯೆಯನ್ನೇ ಕಸುಬಾಗಿ ಉಳ್ಳವರಿಗೆ ಜಾಲಗಾರರೆಂದು ಹೆಸರು. ಇಂದಿನ ಗದಗ ಜಿಲ್ಲೆಗೆ ಸೇರಿದ ಕಪ್ಪತಗುಡ್ಡದ ಸುತ್ತಿನ ಸೊರಟೂರು, ಡೋಣಿ ಮೊದಲಾದ ಊರುಗಳ ಹಳ್ಳಗಳಲ್ಲಿ ಅವರು ಮಣ್ಣನ್ನು ಜಾಲಿಸಿ ಹೊನ್ನಿನ ಪುಡಿಯನ್ನು ತೆಗೆಯುತ್ತಿದ್ದುದನ್ನು 1884ರ ಮುಂಬಯಿ ಪ್ರಾಂತದ ಗೆಜೆಟಿಯರು ದಾಖಲು ಮಾಡಿದೆ. ಕೋಲಾರದ ಕಥೆಯ ಆರಂಭವೂ ಇಂಥದೇ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಆಂಗ್ಲ ಸೇನಾಧಿಕಾರಿಯು ಆ ಸೀಮೆಗೆ ಬಂದಾಗ, ಉರಿಗಾಂ ಪ್ರದೇಶದ ಹಳ್ಳಿಗರೇ ಅವನೆದುರಿಗೆ ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೋರಿಸಿಕೊಟ್ಟರು. ಮುಂದೆ ಕಂಪನಿಗಳು ಬಂದುವು, ಲಂಡನ್ನಿನಲ್ಲಿ ಷೇರುಗಳು ಮಾರಾಟವಾದುವು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದಿತು. ಆದರೆ ಮೊದಲು ದಾರಿಯನ್ನು ತೋರಿಸಿದವರು ಮಣ್ಣು ತೊಳೆಯುತ್ತಿದ್ದ ಹಳ್ಳಿಯ ಬಡವರೆಂಬುದನ್ನು ಮರೆಯಲಾಗದು.

ಆ ಬಡವನ ಮರಿಗೆಯು ಕಾಲಕ್ರಮದಲ್ಲಿ ಯಂತ್ರವಾಗಿ ಬೆಳೆಯಿತು. ಇಳಿಜಾರಾದ ಮರದ ಕಾಲುವೆಯಲ್ಲಿ ಅಡ್ಡಪಟ್ಟಿಗಳನ್ನೋ ಒರಟು ಬಟ್ಟೆಯನ್ನೋ ಹಾಸಿ, ಅದರ ಮೇಲೆ ಕೆಸರುನೀರನ್ನು ಹರಿಯಿಸಿ ಭಾರದ ಕಣಗಳನ್ನು ತಡೆದಿಡುವುದು ಒಂದು ಕ್ರಮ. ಜರಡಿಯ ಮೂಲಕ ನೀರನ್ನು ಮೇಲಕ್ಕೂ ಕೆಳಕ್ಕೂ ಮಿಡಿಯಿಸಿ ಪದರಗಳನ್ನು ಬೇರ್ಪಡಿಸುವ ಜಿಗ್ ಎಂಬ ಯಂತ್ರವು ಇನ್ನೊಂದು. ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ಆರ್ಥರ್ ವಿಲ್ಫ್ಲಿ ಎಂಬವನು 1890ರ ದಶಕದಲ್ಲಿ ನಿರ್ಮಿಸಿದ ಅಲುಗಾಡುವ ಮೇಜು ಮೂರನೆಯದು. ಗೀರುಪಟ್ಟಿಗಳುಳ್ಳ ಈ ಮೇಜು ಅಡ್ಡಡ್ಡಲಾಗಿ ಜಗ್ಗುತ್ತಿರುವಾಗ ಚಿನ್ನವು ಒಂದು ಅಂಚಿಗೂ ಮರಳು ಇನ್ನೊಂದು ಅಂಚಿಗೂ ಸರಿಯುವುದು ಕಣ್ಣಿಗೇ ಕಾಣುತ್ತದೆ. ಇತ್ತೀಚಿನವು ಗಿರ್ರನೆ ತಿರುಗುವ ಬೋಗುಣಿಗಳು. ಕೆನಡಾ ದೇಶದಲ್ಲಿ ರೂಪುಗೊಂಡ ನೆಲ್ಸನ್, ಫಾಲ್ಕನ್ ಎಂಬ ಯಂತ್ರಗಳು ಈ ಜಾತಿಯವು. ಭೂಮಿಯ ಆಕರ್ಷಣೆಗಿಂತ 60 ಪಟ್ಟು, ಕೆಲವು ಮಾದರಿಗಳಲ್ಲಿ ಅದಕ್ಕೂ ಬಹಳ ಹೆಚ್ಚಿನ ಬಲವನ್ನು ತಿರುಗುವಿಕೆಯಿಂದಲೇ ಉಂಟುಮಾಡಿ, ಸಾಮಾನ್ಯ ಮೇಜಿನ ಮೇಲೆ ತೇಲಿಹೋಗುತ್ತಿದ್ದ ಸಣ್ಣ ಕಣಗಳನ್ನೂ ಅವು ಹಿಡಿಯುತ್ತವೆ.

ಇಷ್ಟಾದರೂ ಈ ಯಂತ್ರಗಳಿಗೆ ಮಿತಿಯುಂಟು. ಕಣವು ಸಣ್ಣದಾದಷ್ಟೂ ಅದರ ತೂಕದ ಬಲವು ಕುಗ್ಗಿ ನೀರಿನ ಸೆಳೆತವು ಮೇಲುಗೈಯಾಗುತ್ತದೆ. ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟು ಸೂಕ್ಷ್ಮವಾದ ಚಿನ್ನದ ಧೂಳು ನೀರಿನಲ್ಲಿ ಹೊಟ್ಟಿನಂತೆ ವರ್ತಿಸುತ್ತದೆ. ಚಪ್ಪಟೆಯಾದ ರೇಕು ನೀರಿನ ಮೇಲೆಯೇ ತೇಲಿ ಹೋಗುವುದೂ ಉಂಟು. ಇವೆರಡಕ್ಕಿಂತಲೂ ಮುಖ್ಯವಾದ ಮಾತೆಂದರೆ, ಬೆಣಚಿನ ಕಣದೊಳಗೋ ಗಂಧಕಯುಕ್ತವಾದ ಖನಿಜದೊಳಗೋ ಸೆರೆಸಿಕ್ಕಿರುವ ಚಿನ್ನವನ್ನು ಯಾವ ತಿರುಗುವ ಬೋಗುಣಿಯೂ ಬಿಡಿಸಿಕೊಡಲಾರದು. ಬಿಡಿಯಾದ ಚಿನ್ನವು ಮಾತ್ರ ತನ್ನ ತೂಕವನ್ನು ತೋರಿಸಬಲ್ಲದು. ಸೆರೆಯಲ್ಲಿರುವ ಚಿನ್ನವು ತನ್ನನ್ನು ಸುತ್ತಿಕೊಂಡಿರುವ ಕಲ್ಲಿನ ತೂಕಕ್ಕೆ ಅಧೀನ.

ಈಗ ಕೋಲಾರದ ದಿಬ್ಬಗಳಿಗೆ ಈ ಮಾತನ್ನು ಅನ್ವಯಿಸಿ ನೋಡಬೇಕು. ಆ ಮರಳು ಹೊಳೆಯ ದಂಡೆಯಲ್ಲಿ ಬಿದ್ದಿದ್ದ, ಯಾರೂ ಮುಟ್ಟದ ಮರಳಲ್ಲ. ಗಣಿಯಿಂದ ಬಂದ ಅದಿರನ್ನು ಕಬ್ಬಿಣದ ಒನಕೆಗಳುಳ್ಳ ಗಿರಣಿಗಳಲ್ಲಿ ಕುಟ್ಟಿ ಪುಡಿಮಾಡಿ, ಪಾದರಸವನ್ನು ಬಳಿದ ತಾಮ್ರದ ಹಲಗೆಗಳ ಮೇಲೆ ಹರಿಯಿಸಿ, ದಪ್ಪ ಕಣದ ಚಿನ್ನವನ್ನು ಆಗಲೇ ಸೆಳೆದುಕೊಂಡಿದ್ದಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಕಂಡುಹಿಡಿದ ಸೈನೈಡು ವಿಧಾನವು ಬಳಕೆಗೆ ಬಂದ ಮೇಲೆ, ಉಳಿದುದರಲ್ಲಿ ಕರಗಬಲ್ಲ ಚಿನ್ನವನ್ನು ಕರಗಿಸಿಯೂ ತೆಗೆದಿದ್ದಾರೆ. ಊರಿನ ಜನರು ಈ ದಿಬ್ಬಗಳನ್ನು ಇಂದಿಗೂ ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಎರಡು ಜರಡಿಗಳಲ್ಲಿ ಸೋಸಿದ ಮೇಲೆ ಉಳಿದಿರುವ ಚಿನ್ನವು ಬಹುಮಟ್ಟಿಗೆ ಅತಿಸೂಕ್ಷ್ಮವಾದುದೋ ಸೆರೆಸಿಕ್ಕಿದುದೋ ಆಗಿರಲೇಬೇಕು. ಎಂದ ಮೇಲೆ ಕೇವಲ ನೀರು ಮತ್ತು ತೂಕದ ಬಲದಿಂದ ಈ ದಿಬ್ಬಗಳ ಚಿನ್ನವನ್ನೆಲ್ಲ ತೆಗೆಯುತ್ತೇವೆಂದು ಹೇಳುವವನು ವಿಷಯವನ್ನು ಅರಿಯದವನು, ಇಲ್ಲವೇ ಅರಿತೂ ಮರೆಮಾಡುವವನು.

ಹಾಗೆಂದು ಗುರುತ್ವದ ವಿಧಾನವನ್ನು ಪೂರ್ಣವಾಗಿ ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಅಭಿಪ್ರಾಯವು ಅದಕ್ಕೆ ವಿರುದ್ಧವಾದುದು. ಅದು ಕೊನೆಯ ಉಪಾಯವಾಗಲಾರದು. ಆದರೆ ಮೊದಲನೆಯ ಮೆಟ್ಟಿಲಾಗಲೇಬೇಕು. ಇದಕ್ಕೆ ಮೂರು ಕಾರಣಗಳನ್ನು ಕೊಡಬಹುದು.

ಮೊದಲನೆಯದಾಗಿ, ಚಿನ್ನವನ್ನು ಸೆರೆಹಿಡಿದಿರುವ ಗಂಧಕಯುಕ್ತ ಖನಿಜಗಳು ಬೆಣಚಿಗಿಂತ ಸುಮಾರು ಎರಡರಷ್ಟು ಭಾರ. ಅಂಥ ಕಣಗಳ ಒಂದು ಪಾಲನ್ನಾದರೂ ಯಂತ್ರದಿಂದ ಮೊದಲು ಬೇರ್ಪಡಿಸಿದರೆ, ಮತ್ತೆ ಅರೆಯಬೇಕಾದ, ಸೈನೈಡಿಗೆ ಒಡ್ಡಬೇಕಾದ ಪದಾರ್ಥದ ಮೊತ್ತವು ಅಷ್ಟರ ಮಟ್ಟಿಗೆ ಇಳಿಯುವ ಸಂಭವವಿದೆ. ಅದೇ ಖನಿಜಗಳು ಗಾಳಿ ಮಳೆಗಳಿಗೆ ಸಿಕ್ಕಿ ಆಮ್ಲವನ್ನು ಒಸರುವವೂ ಆದುದರಿಂದ, ಅವನ್ನು ತೆಗೆದ ಮೇಲೆ ಉಳಿಯುವ ಮರಳು ನಿರುಪದ್ರವವಾಗುವ ಮಾರ್ಗದಲ್ಲಿ ಒಂದು ಹೆಜ್ಜೆ ಮುಂದಿಟ್ಟಂತಾಗುತ್ತದೆ. ಟಂಗ್‌ಸ್ಟನ್ ಲೋಹದ ಅದಿರಾದ ಶೀಲೈಟು ಕೋಲಾರದ ಮರಳಿನಲ್ಲಿ ಅಲ್ಪಪ್ರಮಾಣದಲ್ಲಿದೆ. ಅದೂ ನೀರಿಗಿಂತ 6 ಪಟ್ಟು ಭಾರವಾದುದರಿಂದ ಇದೇ ಹಾದಿಯಲ್ಲಿ ಪರೀಕ್ಷೆಗೆ ಅರ್ಹ.

ಎರಡನೆಯದು ಪಾದರಸದ ವಿಷಯ. ಹಲಗೆಗಳ ಮೇಲೆ ಬಳಿದ ಪಾದರಸವೆಲ್ಲವೂ ಹಲಗೆಯ ಮೇಲೆಯೇ ಉಳಿಯುತ್ತಿರಲಿಲ್ಲ. ಒನಕೆ ಗಿರಣಿಗಳ ಕಾಲದಲ್ಲಿ ಅದರ ಒಂದು ಪಾಲು ಹನಿಹನಿಯಾಗಿ ಒಡೆದು ಮರಳಿನೊಡನೆ ಕೊಚ್ಚಿಹೋಗುವುದು ಎಲ್ಲ ದೇಶಗಳ ಗಣಿಗಾರರೂ ಬಲ್ಲ ಸಂಗತಿ. ಪಾದರಸವು ನೀರಿಗಿಂತ 13.6 ಪಟ್ಟು ಭಾರ. ಹಳೆಯ ಪದರಗಳಲ್ಲಿ ಅದು ಇದ್ದರೆ, ಭಾರದ ಕಣಗಳನ್ನು ಹಿಡಿಯುವ ಯಂತ್ರವು ಅದರ ಬಿಡಿ ಹನಿಗಳನ್ನೂ ಬಹುಮಟ್ಟಿಗೆ ಹಿಡಿಯುತ್ತದೆ. ಪಾದರಸದ ಅಪಾಯವನ್ನು ಕಡಿಮೆ ಮಾಡುವುದಕ್ಕಾಗಿ 2013ರಲ್ಲಿ ರಾಷ್ಟ್ರಗಳು ಒಪ್ಪಿದ ಮಿನಮಾಟಾ ಒಡಂಬಡಿಕೆಯನ್ನು ಭಾರತವು 2018ರಲ್ಲಿ ಅನುಮೋದಿಸಿದೆ. ವಾತಾವರಣಕ್ಕೆ ಮಾನವನು ಬಿಡುವ ಪಾದರಸದಲ್ಲಿ ಮೂರರಲ್ಲಿ ಒಂದಂಶಕ್ಕೂ ಹೆಚ್ಚು ಭಾಗವು ಆಫ್ರಿಕ, ದಕ್ಷಿಣ ಅಮೆರಿಕ, ಪೂರ್ವ ಏಷ್ಯಗಳಲ್ಲಿ ಚಿನ್ನವನ್ನು ತೊಳೆದು ಬದುಕುವ ಬಡ ಗಣಿಗಾರರ ಒಲೆಗಳಿಂದ ಏಳುತ್ತದೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗವು ಲೆಕ್ಕಮಾಡಿದೆ. ಅಂಥವರ ಕೈಗೆ ಒಂದು ಒಳ್ಳೆಯ ಮೇಜನ್ನೋ ಬೋಗುಣಿಯನ್ನೋ ಕೊಟ್ಟರೆ ಪಾದರಸದ ಬಳಕೆಯು ಬಹಳಮಟ್ಟಿಗೆ ತಗ್ಗುತ್ತದೆಂಬುದು ಹಲವು ದೇಶಗಳ ಅನುಭವ. ಗುರುತ್ವದ ವಿಧಾನಕ್ಕೆ ಲೋಕದಲ್ಲಿ ದೊರೆತಿರುವ ಹೊಸ ಗೌರವಕ್ಕೆ ಇದೇ ಮುಖ್ಯ ಕಾರಣ.

ಮೂರನೆಯದು ಗಿರಣಿಯ ಮಿತವ್ಯಯ. ಚಿನ್ನವು ಮೃದುವಾದ ಲೋಹ. ಅರೆಯುವ ಯಂತ್ರದಲ್ಲಿ ಕಲ್ಲು ಒಡೆದು ಪುಡಿಯಾಗಿ ಹೊರಬಿದ್ದರೆ, ಚಿನ್ನವು ಒಡೆಯದೆ ತಟ್ಟಿಸಿಕೊಂಡು, ಭಾರದ ಕಾರಣದಿಂದ ಮತ್ತೆ ಮತ್ತೆ ಅಲ್ಲಿಗೇ ಮರಳಿ ಸುತ್ತುತ್ತಿರುತ್ತದೆ. ದಪ್ಪ ಕಣವನ್ನು ಸೈನೈಡು ಕರಗಿಸುವುದಕ್ಕೆ ದಿನಗಟ್ಟಲೆ ಕಾಲ ಹಿಡಿಯುತ್ತದೆ. ಅದನ್ನು ಅರೆಯುವ ಹಂತದಲ್ಲಿಯೇ ಹಿಡಿದಿಟ್ಟರೆ ಸಮಯವೂ ರಾಸಾಯನಿಕವೂ ಉಳಿಯುತ್ತವೆ. ಇದು ದಿಬ್ಬಗಳಿಗಿಂತಲೂ ಹೊಸ ಅದಿರಿಗೆ ಹೆಚ್ಚಾಗಿ ಸಲ್ಲುವ ಮಾತೆಂಬುದು ನಿಜ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ರಾಜ್ಯದ ಒಡೆತನದ ಕಂಪನಿಯು ಇಂದಿಗೂ ಅದಿರನ್ನು ಅರೆದು ಚಿನ್ನವನ್ನು ತೆಗೆಯುತ್ತಿದೆ. ನಮ್ಮವರ ಕೈಯಲ್ಲಿಯೇ ಬೆಳೆದ ಆ ಅನುಭವವನ್ನು ಕೋಲಾರದ ಕೆಲಸಕ್ಕೆ ಬಳಸಿಕೊಳ್ಳದೆ ಬಿಡುವುದು ವಿವೇಕವಲ್ಲ.

ದಿಬ್ಬಗಳನ್ನು ಮುಟ್ಟಲೇ ಬಾರದೆನ್ನುವವರ ಮಾತಿಗೂ ನ್ಯಾಯವಾದ ಉತ್ತರವನ್ನು ಕೊಡಬೇಕು. ಅವರ ಭಯವು ಅನುಭವದಿಂದ ಹುಟ್ಟಿದ್ದು. ಬೆಣಚಿನ ಧೂಳು ಎಂಥದೆಂಬುದನ್ನು ಆ ಊರು ಬಲ್ಲದು. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ ಗಣಿ ಕೂಲಿಕಾರರನ್ನು ಪರೀಕ್ಷಿಸಿದಾಗ, ಐವರಲ್ಲಿ ಇಬ್ಬರಿಗಿಂತ ಹೆಚ್ಚಿನವರಿಗೆ ಶ್ವಾಸಕೋಶದ ಸಿಲಿಕೋಸಿಸ್ ರೋಗವು ಅಂಟಿದ್ದುದು ಕಂಡುಬಂದಿತು. ಗಾಳಿಯ ಕಾಲದಲ್ಲಿ ದಿಬ್ಬಗಳಿಂದ ಏಳುವ ಧೂಳು ಇಂದಿಗೂ ಮನೆಗಳ ಮೇಲೆ ಕವಿಯುತ್ತದೆ. ಆದರೆ ಇದರಿಂದಲೇ ಇನ್ನೊಂದು ಸಂಗತಿಯೂ ಸಿದ್ಧವಾಗುತ್ತದೆ: ದಿಬ್ಬಗಳನ್ನು ಇದ್ದಂತೆಯೇ ಬಿಡುವುದು ಕ್ಷೇಮಕರವಲ್ಲ. ಮುಟ್ಟದೆ ಬಿಟ್ಟರೂ ಧೂಳು ಹಾರುತ್ತದೆ, ಮಳೆಗೆ ಮರಳು ಕೊಚ್ಚಿ ಕೆಳಗಿನ ನೆಲಕ್ಕೆ ಇಳಿಯುತ್ತದೆ. ಸರಿಯಾದ ಕ್ರಮದಲ್ಲಿ ಸಂಸ್ಕರಿಸಿ, ಉಳಿದುದನ್ನು ಭದ್ರವಾಗಿ ಕಟ್ಟಿ, ಮೇಲೆ ಹಸುರನ್ನು ಹೊದಿಸಿದರೆ ಊರಿಗೆ ಹಿತ. ಕ್ರಮಗೆಟ್ಟು ಕೆದಕಿ ನಡುವೆಯೇ ಬಿಟ್ಟುಹೋದರೆ ಈಗಿರುವುದಕ್ಕಿಂತ ಹೆಚ್ಚಿನ ಕೇಡು. ಕೆದಕುವುದೋ ಬಿಡುವುದೋ ಎಂಬುದಕ್ಕಿಂತ ಯಾವ ಕರಾರಿನ ಮೇಲೆ ಎಂಬುದೇ ನಿಜವಾದ ಪ್ರಶ್ನೆ.

ನೀರಿನ ವಿಚಾರವನ್ನಂತೂ ಕಡೆಗಣಿಸುವ ಹಾಗಿಲ್ಲ. ಗುರುತ್ವದ ಯಂತ್ರಗಳೆಲ್ಲವೂ ನೀರಿನ ಮೇಲೆಯೇ ನಡೆಯತಕ್ಕವು. ತಿರುಗುವ ಬೋಗುಣಿಗಳಿಗೆ ಕೆಸರಿನ ನೀರಲ್ಲದೆ ಬೇರೆ ಶುದ್ಧವಾದ ನೀರೂ ಬೇಕು. ಕೋಲಾರ ಜಿಲ್ಲೆಯಾದರೋ ಬರಕ್ಕೆ ಹೆಸರಾದುದು. ಅಲ್ಲಿನ ಕೆರೆಗಳನ್ನು ತುಂಬಿಸುವುದಕ್ಕಾಗಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವ ಕೆ. ಸಿ. ವ್ಯಾಲಿ ಯೋಜನೆಯನ್ನು 2018ರಲ್ಲಿ ಆರಂಭಿಸಬೇಕಾಯಿತೆಂದರೆ ಅಲ್ಲಿನ ಅಭಾವವು ಎಂಥದೆಂದು ಊಹಿಸಬಹುದು. ಪಾಲಾರ್ ನದಿಯು ಇದೇ ಸೀಮೆಯಲ್ಲಿ ಹುಟ್ಟಿ ಆಂಧ್ರ, ತಮಿಳುನಾಡುಗಳಿಗೆ ಇಳಿಯುತ್ತದೆ. ದಿಬ್ಬ ತೊಳೆದ ನೀರನ್ನು ಒಂದು ಹನಿಯೂ ಹೊರಬೀಳದಂತೆ ಮತ್ತೆ ಮತ್ತೆ ಬಳಸುವ ಏರ್ಪಾಡಿಲ್ಲದೆ ಕೆಲಸ ಆರಂಭಿಸುವುದು, ನಮ್ಮ ಕೆರೆಗಳಿಗೂ ನೆರೆಯವರ ನದಿಗೂ ಅನ್ಯಾಯ ಮಾಡಿದಂತೆ.

ಈ ಎಲ್ಲ ಕಾರಣಗಳಿಂದ ಸರ್ಕಾರದ ಮುಂದೆ ನಾವು ಇಡುವ ಸೂಚನೆಗಳು ನಾಲ್ಕು. ದಿಬ್ಬಗಳನ್ನು ತಳದವರೆಗೆ ಕೊರೆದು, ಆಯಾ ಕಾಲದಲ್ಲಿ ಸುರಿದ ಪದರಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಟನ್ನಿಗೆ ಎಷ್ಟು ಚಿನ್ನವೆಂಬುದನ್ನಷ್ಟೇ ಅಲ್ಲದೆ, ಅದರಲ್ಲಿ ಬಿಡಿಯಾದುದೆಷ್ಟು, ಸೆರೆಸಿಕ್ಕಿದುದೆಷ್ಟು, ಪಾದರಸವೆಷ್ಟು, ಆರ್ಸೆನಿಕ್ ಎಷ್ಟು ಎಂಬುದನ್ನೂ ಪ್ರಕಟಿಸಬೇಕು. ಇದು ನಮ್ಮವರಿಗೆ ಅಸಾಧ್ಯವಾದ ಕೆಲಸವೇನಲ್ಲ. 1948ರಲ್ಲಿ ಸ್ಥಾಪಿತವಾದ ಭಾರತೀಯ ಗಣಿ ಬ್ಯೂರೋ ಸಂಸ್ಥೆಯು ನಾಗಪುರದಲ್ಲಿಯೂ ಬೆಂಗಳೂರಿನಲ್ಲಿಯೂ ಅದಿರು ಪರೀಕ್ಷೆಯ ಪ್ರಯೋಗಶಾಲೆಗಳನ್ನು ಹೊಂದಿದೆ. ಎರಡನೆಯದಾಗಿ, ಯಂತ್ರವನ್ನು ಮಾರುವವನ ಮಾತಿನ ಮೇಲೆ ಹೋಗದೆ, ದಿಬ್ಬದ ಮರಳಿನ ಮೇಲೆಯೇ ಸಣ್ಣ ಪ್ರಮಾಣದ ಗಿರಣಿಯಲ್ಲಿ ಪ್ರಯೋಗವನ್ನು ನಡೆಸಿ, ಗುರುತ್ವದ ವಿಧಾನವು ಎಷ್ಟನ್ನು ಕೊಡಬಲ್ಲದೆಂದು ಗೊತ್ತುಮಾಡಿಕೊಂಡು, ಅಷ್ಟನ್ನು ಮೊದಲ ಹಂತದಲ್ಲಿ ತೆಗೆಯುವುದನ್ನು ಕರಾರಿನಲ್ಲಿಯೇ ಸೇರಿಸಬೇಕು. ಮೂರನೆಯದಾಗಿ, ನೀರಿನ ಮರುಬಳಕೆಗೂ ಕೊನೆಯಲ್ಲಿ ಉಳಿಯುವ ಮರಳಿನ ಭದ್ರತೆಗೂ ತಗಲುವ ಹಣವನ್ನು ಗುತ್ತಿಗೆದಾರನಿಂದ ಮುಂಗಡವಾಗಿಯೇ ಠೇವಣಿ ಇಡಿಸಬೇಕು. ಚಿನ್ನದ ಬೆಲೆಯು ಇಳಿದ ದಿನ ಅವನು ಕೆಲಸ ಬಿಟ್ಟು ಹೊರಟುಹೋದರೆ ಊರಿಗೆ ಉಳಿಯುವುದು ಆ ಠೇವಣಿಯೊಂದೇ. ನಾಲ್ಕನೆಯದಾಗಿ, ಆದಾಯದ ಗೊತ್ತಾದ ಪಾಲು ಆ ಊರಿಗೇ ಸಲ್ಲಬೇಕು, ಕೆಲಸದಲ್ಲಿ ಆ ಊರಿನವರಿಗೇ ಮೊದಲ ಹಕ್ಕಿರಬೇಕು.

ಈ ಕೊನೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಿದೇಶೀ ಕಂಪನಿಗಳಿಂದ ತನ್ನ ಕೈಗೆ ತೆಗೆದುಕೊಂಡಾಗ, ಆ ಸಂಪತ್ತು ಇನ್ನು ಮುಂದೆ ಜನರದೆಂಬ ಭಾವನೆಯಿಂದ ಊರು ಹಿಗ್ಗಿತು. 45 ವರ್ಷಗಳ ಮೇಲೆ ಗಣಿಯು ಮುಚ್ಚಿದಾಗ ಆ ಜನರಿಗೆ ಉಳಿದುದು ದಿಬ್ಬಗಳು, ಧೂಳು, ಮತ್ತು ಬೆಂಗಳೂರಿಗೆ ಹೋಗುವ ಮುಂಜಾನೆಯ ರೈಲು. ತಮಿಳು, ತೆಲುಗು, ಕನ್ನಡಗಳನ್ನಾಡುವ ಆ ಕೂಲಿಕಾರರ ಮಕ್ಕಳು ಮೊಮ್ಮಕ್ಕಳು ಸಹಸ್ರಗಟ್ಟಲೆಯಾಗಿ ದಿನವೂ ಆ ರೈಲನ್ನು ಹಿಡಿದು ದುಡಿಮೆಗೆ ಹೋಗಿ ರಾತ್ರಿಗೆ ಹಿಂದಿರುಗುತ್ತಾರೆ. ಅವರ ಹಿರಿಯರು ಕಡಿದು ಮೇಲಕ್ಕೆ ತಂದ ಕಲ್ಲಿನ ಪುಡಿಯೇ ಈ ದಿಬ್ಬ. ಅದರಲ್ಲಿ ಉಳಿದ ಹೊನ್ನಿನಲ್ಲಿ ಅವರಿಗೆ ಪಾಲಿಲ್ಲವೆಂದರೆ ನ್ಯಾಯವೆಂಬ ಮಾತಿಗೆ ಅರ್ಥವಿಲ್ಲ.

ಬೆಲೆಯು ಏರುತ್ತಿರುವಾಗ ಆತುರವು ಸಹಜ. ಆದರೆ ದಿಬ್ಬಗಳು ಎಲ್ಲಿಗೂ ಓಡಿಹೋಗುವುದಿಲ್ಲ; ಒಮ್ಮೆ ಕೆಟ್ಟ ಕರಾರಿಗೆ ಸಹಿಯಾದರೆ ಅದನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಮೊದಲು ಪರೀಕ್ಷೆ, ಅನಂತರ ಪ್ರಯೋಗ, ಆಮೇಲೆ ಹರಾಜು ಎಂಬ ಕ್ರಮವನ್ನು ಪಾಲಿಸುವುದರಿಂದ ಸರ್ಕಾರಕ್ಕೆ ಒಂದೆರಡು ವರ್ಷಗಳ ವಿಳಂಬವಾದೀತು. ಪಾಲಿಸದಿದ್ದರೆ ಊರಿಗೆ ಒಂದೆರಡು ತಲೆಮಾರಿನ ನಷ್ಟವಾದೀತು. ಇವೆರಡರಲ್ಲಿ ಯಾವುದು ಭಾರವೆಂಬುದನ್ನು ಅಧಿಕಾರದಲ್ಲಿರುವವರು ಹರಾಜಿನ ಕಾಗದಕ್ಕೆ ಸಹಿ ಹಾಕುವ ಮೊದಲೇ ತೂಗಿ ನೋಡಬೇಕು.